ಮುತ್ತಕ್ಕನ ರವಿಕೆಯ ಮೂರು ಹೊಲಿಗೆ

ಹೊಲಿಗೆ ಬಿಚ್ಚಿದರೂ ಸೂಜಿ ಹೋದ ದಾರಿ ಬಟ್ಟೆಯಲ್ಲಿ ಉಳಿಯುತ್ತದೆ, ನೋಡಿದ್ದೀರಾ? ಇವತ್ತು ಬೆಳಿಗ್ಗೆ ನನ್ನ ಮಿಷನ್ನಿನ ಮೇಲೆ ಬಂದು ಬಿದ್ದ ಈ ಹಸಿರು ರವಿಕೆಯ ಒಳಮೈಯಲ್ಲಿ ಅಂಥ ಮೂರು ದಾರಿಗಳಿವೆ. ಕಂಕುಳಿನಿಂದ ಸೊಂಟದವರೆಗೆ, ಒಂದರ ಪಕ್ಕ ಒಂದು, ಸಣ್ಣ ಸಣ್ಣ ತೂತುಗಳ ಸಾಲು. ಎಷ್ಟು ಒಗೆದರೂ ಹೋಗದ ಬಂಗ್ಡೆ ಮೀನಿನ ವಾಸನೆ ಬೇರೆ. ಆ ಮೂರು ಹೊಲಿಗೆ ಹಾಕಿದವಳು ನಾನೇ, ಬಿಚ್ಚಿದವಳೂ ನಾನೇ. ಮೂರು ಸಲ ಸಡಿಲ ಮಾಡಿಕೊಟ್ಟ ರವಿಕೆಯನ್ನು ಈಗ ಮತ್ತೆ ಬಿಗಿ ಮಾಡಬೇಕಂತೆ. ಮುತ್ತಕ್ಕನ ಅಪ್ಪಣೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮದು ಕಿರಿಮಂಜೇಶ್ವರದ ಹತ್ತಿರ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ಓಣಿ. ಅದರಲ್ಲಿ ಒಂಬತ್ತು ಮನೆ. ಏಳನೆಯ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತು ನನಗೆ ಮೂವತ್ತು ವರ್ಷದ ಮೇಲಾಯಿತು. ಈ ಕಸುಬಿನಿಂದ ಎರಡು ಚಾಳಿ ಅಂಟಿಕೊಂಡಿವೆ. ಒಂದು, ಯಾರನ್ನು ಕಂಡರೂ ಕಣ್ಣಿನಲ್ಲೇ ಅಳತೆ ತೆಗೆಯುವುದು. ನೀವು ಎದುರಿಗಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಹೆಗಲಿನ ಅಗಲ ನನಗೆ ಗೊತ್ತಾಗಿರುತ್ತಿತ್ತು. ಇನ್ನೊಂದು, ಬಟ್ಟೆ ಆಯಿತಾ ಎಂದು ಯಾರು ಕೇಳಿದರೂ "ನಾಳೆ" ಎನ್ನುವುದು. ಅದನ್ನು ಸುಳ್ಳು ಎನ್ನಬೇಡಿ. ನಮ್ಮ ಕಸುಬಿನಲ್ಲಿ ನಾಳೆ ಎಂದರೆ ಇವತ್ತಲ್ಲ ಎಂದಷ್ಟೇ ಅರ್ಥ.

ಮುತ್ತಕ್ಕ ನಮ್ಮ ಓಣಿಗೆ ಮೀನು ತರುವವಳು. ಎಪ್ಪತ್ತು ದಾಟಿದೆ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು, ಆದರೂ ನೀನು ಎಂದೇ ರೂಢಿ. ನಮ್ಮಿಬ್ಬರೊಳಗೆ ಯಾರಾದರೂ ನೀವು ಅಂದರೆ ಸಿಟ್ಟು ಬಂದಿದೆ ಎಂದು ತಿಳಿಯಬೇಕು. ಹತ್ತು ಗಂಟೆಯ ಹೊತ್ತಿಗೆ ಹೆದ್ದಾರಿಯಲ್ಲಿ ಬಸ್ಸಿಳಿದು, ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಹೊತ್ತು "ಹ್ವಾಯ್" ಎಂದು ಒಂದು ಕೂಗು ಹಾಕಿದಳೆಂದರೆ ಒಂಬತ್ತು ಮನೆಯ ಬೆಕ್ಕುಗಳೂ ಎದ್ದು ಮೈಮುರಿಯುತ್ತಿದ್ದವು.

ಅವಳ ವ್ಯಾಪಾರದ ಕ್ರಮವೇ ಬೇರೆ. ಪ್ರತಿ ಮನೆಯ ಜಗಲಿಯಲ್ಲೂ ಬುಟ್ಟಿ ಇಳಿಸಿ ಕೂರಲೇಬೇಕು. ನೀರು ಕೇಳಬೇಕು. ಮೇಲಿನ ಮನೆಯ ಸುದ್ದಿಯನ್ನು ಕೆಳಗಿನ ಮನೆಗೆ ಇಳಿಸಬೇಕು. ಮಗಳ ಬಾಣಂತನ, ಯಡ್ತರೆಯಲ್ಲಿ ಯಾರದೋ ಮದುವೆ ತಪ್ಪಿಹೋದದ್ದು, ಬೈಗೆ ಮೀನು ಈ ವರ್ಷ ಯಾಕೆ ಮುನಿಸಿಕೊಂಡಿದೆ, ಎಲ್ಲ ಬರಬೇಕು. ಎದ್ದು ಹೋಗುವಾಗ ನನ್ನ ಹತ್ತಿರ ಒಂದು ಮಾತು ಹೇಳುತ್ತಿದ್ದಳು: "ನಿಮ್ಮನಿ ನೀರ್ ಕುಡಿದ್ರೇ ನಂಗ್ ಆಸ್ರ್ ಹೋಪುದ್, ಹೆಣೆ." ನಮ್ಮನೆ ನೀರಿಗೇ ಅವಳ ಬಾಯಾರಿಕೆ ಹೋಗುವುದೆಂದು ನಾನು ಉಬ್ಬಿಹೋಗುತ್ತಿದ್ದೆ. ನಮ್ಮ ಬಾವಿಯ ನೀರಿಗೆ ಇಲ್ಲದ ರುಚಿಯನ್ನು ನಾನೇ ಕಲ್ಪಿಸಿಕೊಂಡು ನೆಂಟರಿಗೆಲ್ಲ ಹೇಳಿದ್ದೂ ಉಂಟು.

ಮೇಲಿನ ಮನೆಯ ನಿವೃತ್ತ ಮಾಸ್ಟ್ರಿಗೂ ಅವಳು ಇದೇ ಮಾತು ಹೇಳುತ್ತಿದ್ದಳೆಂದು ಗೊತ್ತಾದದ್ದು ಬಹಳ ತಡವಾಗಿ. ತಾನು ಪೇಪರ್ ಓದಿ ಹೇಳುವುದನ್ನು ಕೇಳಲಿಕ್ಕೇ ಅವಳು ಕೂರುವುದು ಎಂದು ಅವರ ನಂಬಿಕೆ. ಮಾಸ್ಟ್ರ ಗೇಟಿನಿಂದ ನನ್ನ ಜಗಲಿಗೆ ನೂರು ಹೆಜ್ಜೆಯೂ ಇಲ್ಲ. ಅಲ್ಲಿ ಕೂತು ಎದ್ದವಳು ಇಲ್ಲಿ ಮತ್ತೆ ಕೂರುತ್ತಾಳೆಂದರೆ ಅದು ನನ್ನ ಮೇಲಿನ ಪ್ರೀತಿಯಲ್ಲದೆ ಇನ್ನೇನು? ಜಗಲಿಗೊಬ್ಬರಂತೆ ಒಂಬತ್ತು ಮಂದಿ ಹೀಗೆಯೇ ಲೆಕ್ಕ ಹಾಕಿಕೊಂಡು ಸುಖವಾಗಿದ್ದೆವು.

ಎರಡು ವರ್ಷದ ಹಿಂದೆ ಈ ರವಿಕೆ ತಂದು, "ಇದ್ ಎದಿ ಹಿಡಿತ್ತ್, ಚೂರ್ ಸಡ್ಲ ಮಾಡ್" ಎಂದಳು. ನಾನು ಬಿಡುತ್ತೇನೆಯೇ? ಮಾರಾಟವಾಗದ ಮೀನೆಲ್ಲ ನೀನೇ ತಿಂದರೆ ರವಿಕೆ ಏನು ಮಾಡೀತು ಎಂದು ಚುಡಾಯಿಸಿ, ಒಳಗೆ ಬಿಟ್ಟ ಬಟ್ಟೆಯಲ್ಲಿ ಅರ್ಧ ಇಂಚು ಬಿಚ್ಚಿಕೊಟ್ಟೆ. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ದೂರು. ಮತ್ತೆ ಬಿಚ್ಚಿದೆ. ಮೂರನೆಯ ಸಲ ಬಿಚ್ಚಿದ ಮೇಲೆ ಒಳಗೆ ಬಟ್ಟೆಯೇ ಉಳಿಯಲಿಲ್ಲ. ಟೇಪು ನನ್ನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಒಂದು ಸಲ ಅವಳ ಮೈಗೆ ಸುತ್ತಿ ನೋಡಿದ್ದರೆ ಅಳತೆ ಎಳ್ಳಷ್ಟೂ ಹೆಚ್ಚಿಲ್ಲ, ಇನ್ನೂ ಇಳಿದಿದೆ ಎಂದು ತಿಳಿಯುತ್ತಿತ್ತು. ನೋಡಲಿಲ್ಲ. ಕಣ್ಣಳತೆಯ ಜಂಬ, ಎಂತ ಮಾಡುವುದು.

ಆಮೇಲೆ ಒಂದು ದಿನ ಅವಳು ನನ್ನ ಮೆಟ್ಟಿಲ ಹತ್ತಿರ ಬಂದವಳು ಬುಟ್ಟಿ ಇಳಿಸುವ ಮೊದಲೇ ಕುಸಿದಳು. ಕಾಣೆ ಮೀನು ಅಂಗಳವಿಡೀ ಚೆಲ್ಲಿತು. ನಾನು ಮಾಡಿದ ಮೊದಲ ಕೆಲಸ ಕೇಳಿದರೆ ನಗುತ್ತೀರಿ. ಕತ್ತರಿ ತಂದು ಅವಳು ಹಾಕಿದ್ದ ಹಳದಿ ರವಿಕೆಯನ್ನು ಮುಂಬದಿಯಿಂದ ಕತ್ತರಿಸಿಬಿಟ್ಟೆ. ಹೊಲಿದು ತಿಂಗಳಾಗಿರಲಿಲ್ಲ. ರವಿಕೆ ಬಿಗಿಯಾಗಿಯೇ ಉಸಿರು ಕಟ್ಟಿತು, ಕೊಂದವಳು ನಾನೇ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು ಮೊದಲು ಬೆಕ್ಕನ್ನು ಓಡಿಸಲು ಹೇಳಿದಳು, ಆಮೇಲೆ ರವಿಕೆ ನೋಡಿಕೊಂಡು ನನ್ನನ್ನು ಬೈದಳು. ಅವಳ ಗಂಡುಮಕ್ಕಳಿಬ್ಬರೂ ಕಡಲಿಗೆ ಹೋಗಿದ್ದರು. ನಾನೇ ಅವಳಿಗೆ ನನ್ನದೊಂದು ರವಿಕೆ ತೊಡಿಸಿ, ರಿಕ್ಷಾದಲ್ಲಿ ಕೂರಿಸಿಕೊಂಡು ಕುಂದಾಪುರಕ್ಕೆ ಹೋದೆ.

ಅಲ್ಲಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಮುಖ ಗಂಭೀರವಾಯಿತು. ಎದೆ ಬಿಗಿಯುವುದು ಯಾವಾಗಿನಿಂದ ಅಜ್ಜಿ ಎಂದು ವಿಚಾರಿಸಿದರು. ಮುತ್ತಕ್ಕ ನನ್ನ ಕಡೆ ಬೆರಳು ತೋರಿಸಿ, "ಇವ್ಳ್ ರವ್ಕಿ ಹೊಲ್ದಂದಿನಿಂದ" ಎಂದಳು. ಡಾಕ್ಟರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಎಕೋ ಪರೀಕ್ಷೆಯಲ್ಲಿ ವಿಷಯ ಹೊರಬಿತ್ತು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಕವಾಟಕ್ಕೆ ಸುಣ್ಣ ಕಟ್ಟಿ ಗಟ್ಟಿಯಾಗಿ, ಬಾಗಿಲು ತೆರೆಯಲಾರದೆ ಒಂದು ಸಂದು ಮಾತ್ರ ಉಳಿದಿತ್ತು. ಡಾಕ್ಟರು ಒಂದೊಂದೇ ಕೇಳುತ್ತಾ ಹೋದರು. ನಡೆದರೆ ಏದುಸಿರು ಬರುತ್ತದೆಯೇ? ಬರುತ್ತದೆ. ಎಷ್ಟು ನಡೆದರೆ? ಒಂದು ಮನೆಯಿಂದ ಇನ್ನೊಂದು ಮನೆಗೆ. ಆಗ ಏನು ಮಾಡುತ್ತೀರಿ? ಕೂತು ನೀರು ಕುಡಿಯುತ್ತೇನೆ. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ನಮ್ಮ ಬಾವಿಯ ನೀರಿನ ರುಚಿ ಅಲ್ಲಿಗೆ ಮುಗಿಯಿತು.

ಸುಣ್ಣ ಎಂಬ ಮಾತು ಮುತ್ತಕ್ಕನ ತಲೆಯಲ್ಲಿ ಕೂತಿತು. ಐವತ್ತು ವರ್ಷ ಎಲೆಗೆ ಹಚ್ಚಿ ತಿಂದ ಚಿಪ್ಪಿನ ಸುಣ್ಣವೇ ಅಲ್ಲಿ ಹೋಗಿ ಕಟ್ಟಿದ್ದು ಎಂದು ತೀರ್ಮಾನಿಸಿ, ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಬಾವಿಕಟ್ಟೆಯ ಆಚೆ ಎಸೆದಳಂತೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ವಯಸ್ಸಾದಂತೆ ಕೆಲವರಿಗೆ ಹೀಗಾಗುತ್ತದೆ, ಆದರೆ ಎಲೆಯ ಜೊತೆ ತಿನ್ನುವ ಹೊಗೆಸೊಪ್ಪು ಮಾತ್ರ ಬಿಟ್ಟದ್ದು ಬಿಟ್ಟೇ ಇರಲಿ ಎಂದು ಡಾಕ್ಟರು ಹೇಳಿದ ಮೇಲೆ ಡಬ್ಬಿ ಹುಡುಕಲು ಹೋದಳು. ಅದು ಸಿಗಲಿಲ್ಲ. ಆ ಸಿಟ್ಟು ಇವತ್ತಿಗೂ ಡಾಕ್ಟರ ಮೇಲಿದೆ.

ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬ್ರಹ್ಮಾವರದಲ್ಲಿರುವ ಮಗಳು ಬಂದಳು, ಗಂಡುಮಕ್ಕಳು ಕಡಲಿನಿಂದ ಬಂದರು, ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆ ಕೊಯ್ಯುವ ಆಪರೇಶನ್ ಈ ವಯಸ್ಸಿಗೆ, ಈ ದುರ್ಬಲ ಶ್ವಾಸಕೋಶಕ್ಕೆ ತಡೆಯಲಿಕ್ಕಿಲ್ಲ ಎಂದರು. ಬದಲಿಗೆ ತೊಡೆಯ ಸಂದಿನ ರಕ್ತನಾಳದಲ್ಲಿ ಸಪೂರ ನಳಿಗೆ ತೂರಿಸಿ, ಮಡಚಿದ ಹೊಸ ಕವಾಟವನ್ನು ಹೃದಯದವರೆಗೆ ಒಯ್ದು ಅಲ್ಲಿ ಅರಳಿಸುತ್ತಾರಂತೆ. ಹಳೆಯದನ್ನು ತೆಗೆಯುವುದಿಲ್ಲ. ಅದನ್ನು ಗೋಡೆಗೆ ಒತ್ತರಿಸಿ ಅದರೊಳಗೇ ಹೊಸತು ಕೂರುತ್ತದೆ. ನನಗೆ ಸರಿಕಾಣಲಿಲ್ಲ. ಹಳೆಯದನ್ನು ಬಿಚ್ಚದೆ ಅದರ ಮೇಲೇ ಹೊಸತು ಕೂರಿಸುವವರಿಗೆ ನಮ್ಮ ಕಸುಬಿನಲ್ಲಿ ಒಳ್ಳೆಯ ಹೆಸರಿಲ್ಲ. ತಡೆಯಲಾರದೆ ಇದನ್ನು ಅಲ್ಲಿನ ಡಾಕ್ಟರಿಗೆ ಹೇಳಿಯೂಬಿಟ್ಟೆ. ನಾನು ಟೈಲರ್ ಎಂದು ತಿಳಿದು ಅವರು ನಕ್ಕರು. ಆ ಕವಾಟದ ಎಸಳುಗಳು ಪ್ರಾಣಿಯ ಪೊರೆಯಿಂದ ಮಾಡಿದವು, ಅವನ್ನು ಭೂತಗನ್ನಡಿಯ ಕೆಳಗೆ ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಾರೆ, ಹೊಲಿಯುವವರು ಹೆಚ್ಚಾಗಿ ಹೆಂಗಸರೇ ಎಂದರು.

ಅಪಾಯವನ್ನೂ ಹೇಳಿದರು. ಲಕ್ವ ಹೊಡೆಯಬಹುದು, ನಾಡಿ ನಿಧಾನವಾಗಿ ಇನ್ನೊಂದು ಯಂತ್ರ ಇಡಬೇಕಾಗಬಹುದು, ಏಳದೆಯೂ ಇರಬಹುದು. ಮಕ್ಕಳು ಮುಖ ಮುಖ ನೋಡಿಕೊಂಡರು. ಮುತ್ತಕ್ಕ ಒಂದೇ ಪ್ರಶ್ನೆ ಕೇಳಿದಳು.

"ಡಾಕ್ಟ್ರೇ, ಇದ್ ಮಾಡ್ರೆ ನಮ್ಮ್ ಓಣಿ ಕಡಿ ತನ್ಕ ನಡುಕ್ ಆತ್ತಾ?"

ಓಣಿಯ ತುದಿಯವರೆಗೆ ನಡೆಯಲು ಆಗುವ ಸಂಭವವೇ ಹೆಚ್ಚು ಎಂದರು. ಹಾಗಾದರೆ ಮಾಡಿ ಎಂದಳು.

ಮಾಡಿದರು. ಕಾಲು ಮಡಚದೆ ಗಂಟೆಗಟ್ಟಲೆ ಅಲುಗಾಡದೆ ಮಲಗಿಸಿದ್ದೇ ಅವಳಿಗೆ ದೊಡ್ಡ ಶಿಕ್ಷೆಯಾಯಿತಂತೆ. ಮರುದಿನ ಎಬ್ಬಿಸಿ ನಡೆಸಿದರು. ಆಪರೇಶನ್ನಿಗೆ ಮೊದಲು ಅದೇ ಆಸ್ಪತ್ರೆಯ ಉದ್ದದ ಓಣಿಯಲ್ಲಿ ಮೊದಲ ಬೆಂಚಿಗೇ ಕೂತವಳು, ನಾಲ್ಕನೆಯ ದಿನ ಆ ತುದಿಗೆ ಹೋಗಿ ತಿರುಗಿ ಬಂದು, ಇನ್ನೊಂದು ಸಲ ಹೋಗಲೇ ಎಂದು ಕೇಳಿದಳಂತೆ. ಬ್ರಹ್ಮಾವರದ ಮಗಳ ಮನೆಯಲ್ಲಿ ಎರಡು ತಿಂಗಳಿದ್ದಳು. ನಾನು ನೋಡಲು ಹೋದಾಗ ರಕ್ತ ಗಟ್ಟಿಯಾಗದ ಹಾಗೆ ಕೊಟ್ಟ ಮಾತ್ರೆಯನ್ನೂ, ಹಲ್ಲು ಕೀಳಿಸುವ ಮೊದಲು ಹೃದಯದ ಡಾಕ್ಟರನ್ನು ಕೇಳಬೇಕೆಂಬ ಚೀಟಿಯನ್ನೂ ತೋರಿಸಿದಳು. ಕೀಳಲು ಹಲ್ಲೆಲ್ಲಿದೆ ಎಂದು ಕೇಳಿದೆ. ನಕ್ಕಳು. ಉಸಿರು ತೆಗೆದುಕೊಳ್ಳಲು ನಿಲ್ಲದೆ ಅವಳು ನಕ್ಕದ್ದನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದ್ದು, ಕಣ್ಣು ತುಂಬಿ ಬಂತು.

ಸಂಕಟ ಶುರುವಾದದ್ದು ಆಮೇಲೆ. ಡಾಕ್ಟರು ಒಪ್ಪಿ, ಮಗ ಚಿಕ್ಕ ಬುಟ್ಟಿ ತಂದುಕೊಟ್ಟು, ಮುತ್ತಕ್ಕ ಓಣಿಗೆ ಬಂದ ದಿನ ಒಂಬತ್ತು ಮನೆಯಲ್ಲೂ ಚೆಂಬಿನಲ್ಲಿ ನೀರು ಸಿದ್ಧವಿತ್ತು. ಮಾಸ್ಟ್ರು ಎರಡು ತಿಂಗಳ ಮುಖ್ಯ ಸುದ್ದಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಅವಳು ಬಂದಳು, ನಿಂತೇ ಬುಟ್ಟಿ ತೋರಿಸಿದಳು, ಮೀನು ಕೊಟ್ಟಳು, ಹೋದಳು. ನನ್ನ ಜಗಲಿಯಲ್ಲೂ ಅಷ್ಟೇ. ಕೂರು ಎಂದರೆ "ಈಗ ದಣು ಆತಿಲ್ಲ ಹೆಣೆ" ಎಂದು ಹೆಮ್ಮೆಯಿಂದ ಹೇಳಿ ಮುಂದಿನ ಮನೆಗೆ ನಡೆದಳು. ಮೊದಲು ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದ ಓಣಿ ಅರ್ಧ ಗಂಟೆಯಲ್ಲಿ ಮುಗಿಯಿತು. ಉಳಿದ ಹೊತ್ತಿಗೆ ಪಕ್ಕದ ಓಣಿಯನ್ನೂ ಹಿಡಿದುಕೊಂಡಳು.

ಓಣಿಗೆ ಓಣಿಯೇ ಮುನಿಸಿಕೊಂಡಿತು. ಆಪರೇಶನ್ ಚೆನ್ನಾಗಿದೆ, ಆದರೆ ಮನುಷ್ಯತ್ವ ಕಡಿಮೆಯಾಯಿತು ಎಂದು ಮಾಸ್ಟ್ರು ತೀರ್ಪು ಕೊಟ್ಟರು. ನಾನು ನಕ್ಕೆ, ಒಳಗೊಳಗೆ ನನಗೂ ಉರಿಯುತ್ತಿತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಕವಾಟದ ಮೇಲೆ ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಅವಳು ಕೂತದ್ದು ನನ್ನ ಹತ್ತಿರವೋ, ನನ್ನ ಜಗಲಿಯ ಮೇಲೋ? ಕಾಯಿಲೆಯನ್ನು ಪ್ರೀತಿ ಎಂದು ತಿಳಿದೆನೆಂಬ ನಾಚಿಕೆ ಒಂದು ಕಡೆ, ಪ್ರೀತಿ ಕಾಯಿಲೆಯಾಗಿಯೇ ಹೋಯಿತಲ್ಲ ಎಂಬ ದುಃಖ ಇನ್ನೊಂದು ಕಡೆ. ಅವಳು ಗಟ್ಟಿಯಾಗಿದ್ದಾಳೆಂದು ಸಂತೋಷಪಡಬೇಕಾದವಳು ಇನ್ನೊಂದು ಸಲ ದಣಿದು ಬರಲಿ ಎಂದು ಕಾಯುತ್ತಿದ್ದೇನಾ ಎಂದು ಹೆದರಿಕೆಯೂ ಆಯಿತು. ಒಂದು ದಿನ ಸಿಟ್ಟಿನಲ್ಲಿ, "ನೀವೀಗ ದೊಡ್ಡ್ ಜನ, ನಮ್ಮನಿ ನೀರ್ ಎಂತಕ್" ಎಂದುಬಿಟ್ಟೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು ಹೋದಳು. ಅದಾಗಿ ನಾಲ್ಕು ದಿನ ಮುಖ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಬಂದು ಈ ರವಿಕೆಯನ್ನು ಮಿಷನ್ನಿನ ಮೇಲೆ ಹಾಕಿ, ಬಿಗಿ ಮಾಡು, ಜೋಲಾಡುತ್ತದೆ ಎಂದು ನಿಂತಲ್ಲೇ ಹೇಳಿ ಹೊರಟಳು.

ಈ ಸಲ ಟೇಪು ಹಿಡಿದು ಅವಳನ್ನು ನಿಲ್ಲಿಸಿ ಸರಿಯಾಗಿ ಅಳೆದೇ ಕಳಿಸಿದ್ದೆ. ನಿಮಗೆ ಇಷ್ಟು ಹೇಳುವಷ್ಟರಲ್ಲಿ ಹೊಲಿದು, ಇಸ್ತ್ರಿ ಮಾಡಿ, ಮಡಚಿ, ಮಿಷನ್ನಿನ ಅಡಿಗೆ ಇಟ್ಟೂ ಆಯಿತು. ಮೊದಲನೆಯ ಹೊಲಿಗೆ ಇದ್ದ ದಾರಿಯಲ್ಲೇ ಹೊಸ ಹೊಲಿಗೆ ಬಂದು ಕೂತಿತು.

ಸಂಜೆ ನಾಲ್ಕರ ಹೊತ್ತಿಗೆ ಮೆಟ್ಟಿಲ ಮೇಲೆ ನೆರಳು ಬಿತ್ತು. ಮುತ್ತಕ್ಕ. ತಲೆಯ ಮೇಲೆ ಬುಟ್ಟಿಯಿಲ್ಲ. ಮೀನಿನ ಹೊತ್ತೂ ಅಲ್ಲ. ಬಂದವಳು ತನ್ನ ಹಳೆಯ ಜಾಗದಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು ಕೂತಳು.

ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಉಸಿರು ಕಟ್ಟುತ್ತದಾ, ತಲೆ ತಿರುಗುತ್ತದಾ, ಮಗನಿಗೆ ಫೋನ್ ಮಾಡಲಾ ಎಂದು ಒಂದರ ಮೇಲೊಂದು ಕೇಳಿದೆ. ಅವಳ ಕೈ ಹಿಡಿದು ನಾಡಿಯನ್ನೂ ನೋಡಿದೆ. ನನಗೆ ನಾಡಿ ನೋಡಲು ಬರುವುದಿಲ್ಲ.

"ಎಂತದೂ ಆಯ್ಲ ಹೆಣೆ," ಎಂದಳು ಮುತ್ತಕ್ಕ, ಕೈ ಬಿಡಿಸಿಕೊಳ್ಳದೆ. "ಆಗ ಕೂಕಣ್ದಿರೆ ಆತಿರ್ಲ, ಕೂಕಂತಿದ್ದೆ. ಇವತ್ತ್ ಕೂಕಂಬ ಅಂದೇಳಿ ಬಂದದ್ದ್. ನೀರ್ ಕೊಡ್."

ಆಗ ಕೂರದೆ ಆಗುತ್ತಿರಲಿಲ್ಲ, ಇವತ್ತು ಕೂರಬೇಕೆಂದೇ ಬಂದಿದ್ದಾಳೆ! ಒಳಗೆ ಹೋಗಿ ನೀರು ತರುವಾಗ ಚೆಂಬು ಅರ್ಧ ಚೆಲ್ಲಿತು. ಕುಡಿದಳು. ಪಕ್ಕದ ಓಣಿಯ ಸುದ್ದಿ ಶುರು ಮಾಡಿದಳು. ಅಲ್ಲಿನವರದು ನಮ್ಮಷ್ಟು ರಸವತ್ತಾದ ಜೀವನ ಅಲ್ಲವಂತೆ. ಹೊತ್ತು ಇಳಿಯುವವರೆಗೆ ಕೂತು, ಏಳುವಾಗ ರವಿಕೆ ಆಯಿತಾ ಎಂದು ಕೇಳಿದಳು.

"ಇಲ್ಲ ಮುತ್ತಕ್ಕ, ನಾಳಿಗ್ ಕೊಡ್ತೆ" ಎಂದೆ.

ಅವಳು ಬಗ್ಗಿ ಮಿಷನ್ನಿನ ಅಡಿ ನೋಡಿದಳು. ಇಸ್ತ್ರಿ ಮಾಡಿ ಮಡಚಿಟ್ಟ ಹಸಿರು ರವಿಕೆ ಅಲ್ಲೇ ಇತ್ತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು.

"ಅಡ್ಡಿಲ್ಲ. ನಾಳಿಗೂ ಬತ್ತೆ" ಎಂದು ಮೆಟ್ಟಿಲಿಳಿದು ಹೋದಳು. ರವಿಕೆ ಒಯ್ಯಲಿಲ್ಲ.