ಗುಣವಾದವರ ಲೆಕ್ಕದಲ್ಲಿ ಕೊಟ್ರಮ್ಮ

ಕೊಟ್ರಮ್ಮ, ನೀನು ಗುಣವಾಗಿಲ್ಲವೆಂದು ನನಗೆ ಗೊತ್ತಿತ್ತು. ಗುಣವಾದಳೆಂದು ಹೇಳಿದವಳೂ ನಾನೇ.

ತೊಂಬತ್ತರ ದಶಕದ ಕೊನೆ. ಹರಿಹರದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ — ಮಾತ್ರೆಗೆ ಬಗ್ಗದ ನೋವಿನವರನ್ನು ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ಅದರಿಂದ ಪ್ರಯೋಜನವುಂಟೋ ಇಲ್ಲವೋ ಎಂದು ನೋಡಲು ದಾವಣಗೆರೆಯಿಂದ ಹಿರಿಯ ವೈದ್ಯರೊಬ್ಬರು ಬರುವವರಿದ್ದರು.

ನೀನು ತಲೆನೋವೆಂದು ಬಂದೆ. ಬರುಬರುತ್ತಾ ಬಾಯಿಬಿಟ್ಟೆ. ಹೆತ್ತ ಎರಡು ಕೂಸೂ ಉಳಿದಿರಲಿಲ್ಲ. ಇನ್ನೊಂದನ್ನು ಮಣ್ಣು ಮಾಡುವ ಧೈರ್ಯವಿಲ್ಲದೆ, ಮತ್ತೆ ಬಸಿರಾಗದಂತೆ, ಮನೆಯವರಿಗೆ ತಿಳಿಸದೆ ಗರ್ಭಕೋಶದೊಳಗೆ ವಂಕಿ ಹಾಕಿಸಿಕೊಂಡಿದ್ದೆ.

"ಇದು ನಿಮ್ ಹೊಟ್ಟ್ಯಾಗ ಇರ್ಲಿ ಅಕ್ಕೋರೆ. ಯಾರಿಗೂ ಹೇಳಬ್ಯಾಡ್ರಿ."

ನಾನು ಹೇಳಿದೆ. ನಿನ್ನನ್ನು ಕರೆದೊಯ್ಯಲು ಬಂದ ಗಂಡನನ್ನು ಒಳಗೆ ಕೂರಿಸಿ — ಗಂಡಹೆಂಡಿರಲ್ಲಿ ಮುಚ್ಚುಮರೆ ಇರಬಾರದೆಂದು, ತರಬೇತಿಯಲ್ಲಿ ಕಲಿತ ಆ ಮೆತ್ತನೆಯ ದನಿಯಲ್ಲಿ... ಅವನು ಕೈಮುಗಿದೇ ಹೋದ.

ನೀನು ಮತ್ತೆ ಬರಲಿಲ್ಲ. ತವರಿಗೆ ಅಟ್ಟಿದ್ದಾರೆಂದು ಕೇಳಿ ನಾನೇ ನಿನ್ನ ತವರೂರು ಕುಕ್ಕುವಾಡಕ್ಕೆ ಬಂದೆ. ನೀನು ಬಾಗಿಲಿಗೆ ಅಡ್ಡ ನಿಂತೆ. ತುಟಿಯ ಬಾವು ಇನ್ನೂ ಇಳಿದಿರಲಿಲ್ಲ.

"ನಿಮ್ ತಾವ ಬಂದಾಗ ತಲಿನೋವೊಂದೇ ಇತ್ರಿ. ಹೋಗ್ರಿ."

ಇದಾದ ಮೇಲೆ ಆ ವೈದ್ಯರು ಬಂದರು. ಹಾಜರಿ ಪುಸ್ತಕದಲ್ಲಿ ನಿನ್ನ ಸಾಲಿನ ಮೇಲೆ ಬೆರಳಿಟ್ಟು, "ಈ ಹೆಣ್ಮಗಳು ಯಾಕ ಬರೋದು ಬಿಟ್ಲು?" ಎಂದು ಕೇಳಿದರು.

"ಆರಾಮಾದ್ಲು ಸರ್, ಅದಕ್ಕ."

ಅವರು ನಂಬಿದರು. ನಂಬದಿರಲು ಅವರಿಗೂ ಮನಸ್ಸಿರಲಿಲ್ಲವೇನೋ — ಬಿಟ್ಟುಹೋದವರನ್ನೆಲ್ಲ ಗುಣವಾದವರೆಂದೇ ಎಣಿಸಿಕೊಂಡರು. ಸಮಾಲೋಚನೆ ಫಲಿಸಿದೆ ಎಂದಾಯಿತು, ನನ್ನ ಕೆಲಸ ಖಾಯಂ ಆಯಿತು. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಪಾಠ ಹೇಳಿದೆ — ಬಂದವರ ಗುಟ್ಟು ಕಾಯುವುದು ಹೇಗೆಂದು! ಅಷ್ಟರಲ್ಲಿ ನಿನ್ನ ಗಂಡ ಇನ್ನೊಂದು ಮದುವೆಯಾಗಿದ್ದ. ಅದೂ ನನ್ನ ಕಿವಿಗೆ ಬಿದ್ದಿತ್ತು. ಸುಮ್ಮನಿದ್ದೆ.

ನಿವೃತ್ತಿಯಾದ ಮೇಲೆ, ಕಳೆದ ತಿಂಗಳು, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಆ ವೈದ್ಯರ ಮನೆಗೆ ಹೋದೆ. ಹೀಗೊಬ್ಬಳಿದ್ದಳು, ನಾನು ಸುಳ್ಳು ಹೇಳಿದ್ದೆ ಎಂದೆ. ಅವರು ಚಹಾದ ಕಪ್ಪನ್ನು ನನ್ನ ಕಡೆಗೆ ಸರಿಸಿದರು.

"ಈಗ ಯಾಕ್ರೀ ಅದೆಲ್ಲಾ? ಒಬ್ಬಾಕಿಗೆ ಹಂಗಾತು ಅಂದ್ರ ಏನಾತು, ಕೆಲಸ ಚಲೋ ನಡೀತಲ್ಲ. ಚಾ ತಗೊಳ್ರಿ."

ನಿನ್ನ ಹೆಸರೇನೆಂದು ಅವರು ಕೇಳಲಿಲ್ಲ, ಕೊಟ್ರಮ್ಮ. ನಾನೂ ಹೇಳಲಿಲ್ಲ. ಚಹಾ ಕುಡಿದೇ ಎದ್ದೆ.