ಬೆಳ್ಳಿ ಕೌದಿ ಹೊಲಿಯುವ ಮೂಕಮ್ಮ

ರಾಯಚೂರಿನಲ್ಲಿ ಬಿಸಿಲಿಗಿಂತ ಮೊದಲು ಏಳದವರಿಗೆ ಕೆಲಸ ಕೈಗೆ ಹತ್ತುವುದಿಲ್ಲ. ಊರಂಚಿನ ಹಳೇ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿರುವ ತಗಡಿನ ಶೆಡ್ಡಿಗೆ ಮೂಕಮ್ಮ ಬರುವ ಹೊತ್ತಿಗೆ ಆಕಾಶ ಇನ್ನೂ ಬೂದಿ ಬಣ್ಣಕ್ಕಿರುತ್ತದೆ. ಬಂದವರು ಸೀದಾ ಒಳಗೆ ಹೋಗುವುದಿಲ್ಲ. ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಜೋಳವನ್ನು ಕಾಂಪೌಂಡ್ ಗೋಡೆಯ ಉದ್ದಕ್ಕೂ ಚೆಲ್ಲುತ್ತಾರೆ. ಗುಬ್ಬಿಗಳು ಅವರಿಗಿಂತ ಮೊದಲೇ ಬಂದು ಕೂತಿರುತ್ತವೆ. ಆಮೇಲೆ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಸಾಲದೆಂಬಂತೆ ಮತ್ತೊಮ್ಮೆ ಒರೆಸಿ ಒಳಗೆ ಹೋಗುತ್ತಾರೆ.

ಒಳಗೆ ಹರಡಿರುವ ಬಟ್ಟೆ ಬೆಳ್ಳಿಯಂತೆ ಹೊಳೆಯುತ್ತದೆ. ಅದರ ಮೈಗೆ ಲೋಹದ ತೆಳು ಲೇಪವಿದೆ. ಬೆವರು ಬಿದ್ದರೆ ಆ ಜಾಗ ಮಂಕಾಗುತ್ತದೆ. ಬಿಸಿಲೇರಿದ ಮೇಲೆ ಈ ತಗಡಿನ ಕೆಳಗೆ ಬೆವರದೆ ಕೂರುವ ಮನುಷ್ಯ ಇನ್ನೂ ಹುಟ್ಟಿಲ್ಲವಾದ್ದರಿಂದ ಮೂಲೆ ಹೊಲಿಯುವ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ ಆಗಬೇಕು. ಮೂಕಮ್ಮ ಮೂರು ಬಟ್ಟೆಗಳ ಅಂಚನ್ನು ಒಂದೇ ಬಿಂದುವಿಗೆ ತಂದು, ಉಸಿರು ಹಿಡಿದು, ಸೂಜಿ ಇಳಿಸುತ್ತಾರೆ.

"ಏನಿದು?" ಎಂದರೆ ನಗುತ್ತಾರೆ. "ಬೆಳ್ಳಿ ಕೌದಿರೀ. ಹೊದ್ಕಂಡು ಮಲಗಾಕ ಅಲ್ಲ, ಹೊಡಿಸ್ಕಣಾಕ."

ಹೊಡೆಯಲು ಬರುವುದು ಕ್ಷಿಪಣಿ. ಹೊಡೆಸಿಕೊಳ್ಳುವುದು ಮೂಕಮ್ಮನ ಕೌದಿ. ಇದು ಗಾಳಿ ತುಂಬಿಸಿ ಸಮುದ್ರದಲ್ಲಿ ತೇಲಿಬಿಡುವ ಗುಡಾರದಂಥ ವಸ್ತು. ಕ್ಷಿಪಣಿಯ ಕಣ್ಣಿಗೆ ಇದೇ ಹಡಗಿನಂತೆ ಕಂಡು, ಅದು ಇದರ ಬೆನ್ನು ಹತ್ತಿದರೆ ನಿಜವಾದ ಹಡಗು ಉಳಿಯುತ್ತದೆ. ಸಮುದ್ರವನ್ನು ಎಂದೂ ನೋಡದ ಹೆಂಗಸೊಬ್ಬರು ಸಮುದ್ರದ ಮೇಲಿನ ಪ್ರಾಣಗಳನ್ನು ಕಾಯಲು ಸೂಜಿ ಹಿಡಿದು ಕೂತಿದ್ದಾರೆ ಎಂದರೆ ನಂಬುವುದು ಕಷ್ಟ. ನನಗೂ ಕಷ್ಟವಾಯಿತು. ಬಿಡಿಸಿ ಹೇಳಿದವರು ಮುಷರ್ರಫ್.

ಮುಷರ್ರಫ್ ಮಾನ್ವಿ ತಾಲ್ಲೂಕಿನ ಕಲ್ಲೂರಿನವರು. ನೌಕಾಪಡೆಯಲ್ಲಿ ರೇಡಾರ್ ಮುಂದೆ ಕೂತು ನಿವೃತ್ತರಾಗಿ ಬಂದವರು. ಈಗ ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಹೊಲಿಗೆ ಪರೀಕ್ಷಿಸುತ್ತಾರೆ. "ನಮ್ಮ ಕಲ್ಲೂರಿನ ಬಯಲಾಗ ನಿಂತೀರಿ ಅಂತ ತಿಳೀರಿ," ಎನ್ನುತ್ತಾರೆ. "ಹತ್ತಿ ತುಂಬಿದ ಟ್ರ್ಯಾಕ್ಟರ್ ಬರಾಕತ್ತಿದ್ರ ಎಲ್ಲೋ ದೂರದಾಗಿಂದನ ಕಾಣ್ತದ. ಅದೇ ಒಂದು ನಾಯಿ ಬೆಳಿ ಸಾಲಿನಾಗ ಓಡಿ ಬಂತಂದ್ರ? ಕಾಲಿಗೆ ಬಂದು ಬಿದ್ದಾಗನ ಗೊತ್ತಾಗ್ತದ. ಈಗಿನ ಮಿಸೈಲ್ ಹಂಗ ಬರ್ತಾವ್ರಿ, ನೀರು ಸವರಿಕೋತ."

ಭೂಮಿ ದುಂಡಗಿದೆ, ರೇಡಾರ್ ಕಣ್ಣು ನೆಟ್ಟಗೆ ನೋಡುತ್ತದೆ. ಅಲೆಗಳ ಮೇಲೆ ತಗ್ಗಿ ಹಾರುವ ಕ್ಷಿಪಣಿ ದಿಗಂತದ ಮರೆಯಲ್ಲೇ ಬಹುದೂರ ಬಂದುಬಿಡುತ್ತದೆ. ತನ್ನದೇ ರೇಡಾರನ್ನು ಕೊನೆಗಳಿಗೆಯವರೆಗೆ ಬಂದ್ ಮಾಡಿಕೊಂಡಿರುತ್ತದೆ, ಅದು ಚಾಲೂ ಆದರೆ ಹಡಗಿಗೆ ಸುಳಿವು ಹತ್ತುತ್ತದಲ್ಲ. ಹತ್ತಿರ ಬಂದ ಮೇಲೆ ನೇರ ಬಾರದೆ ಅತ್ತಿತ್ತ ಹೊರಳುತ್ತದೆ, ಹಡಗಿನ ತೋಪುಗಳಿಗೆ ಗುರಿ ಸಿಗಬಾರದೆಂದು. ಒಂಟಿಯಾಗಿಯೂ ಬರುವುದಿಲ್ಲ. ಬೇರೆ ಬೇರೆ ದಿಕ್ಕಿನಿಂದ ಜೊತೆಯವರನ್ನು ಕರೆದುಕೊಂಡು ಒಂದೇ ಹೊತ್ತಿಗೆ ಬರುತ್ತದೆ. ಕೆಲವಂತೂ ಶಬ್ದಕ್ಕಿಂತ ಜೋರು. ಕಂಡ ಮೇಲೆ ಹಡಗಿನವರಿಗೆ ಉಳಿಯುವ ಸಮಯ ಒಂದು ಗುಟುಕು ಚಹಾ ಕುಡಿಯಲೂ ಸಾಲದು. ಹೊಡೆದುರುಳಿಸುವ ದಾರಿಗಳೆಲ್ಲ ತಪ್ಪಿದರೆ ಉಳಿಯುವುದು ಅದನ್ನು ಮೋಸಗೊಳಿಸುವ ದಾರಿಯೊಂದೇ.

"ಮೊದಲೆಲ್ಲ ಹಡಗದಿಂದ ಬೆಳ್ಳಿ ಹಾಳಿ ಚೂರು ಗಾಳಿಗೆ ತೂರಿದ್ರ ಸಾಕಿತ್ತು, ಮಿಸೈಲ್ ನಂಬಿ ಬಿಡ್ತಿದ್ದವು. ಈಗಿನವು ಭಾಳ ಶಾಣ್ಯಾ ಆಗ್ಯಾವ," ಎಂದು ಮುಷರ್ರಫ್ ತಲೆಯಾಡಿಸುತ್ತಾರೆ. "ಹಡಗು ಯಾವುದು, ಚೂರು ಯಾವುದು, ಆರಿಸ್ತಾವ. ಅದಕ್ಕ ನಮ್ಮ ಸುಳ್ಳು ಖರೇದಕ್ಕಿಂತ ಖರೇ ಕಾಣಬೇಕು. ಮನಿ ಮೂಲಿಗೆ ಚೆಂಡು ಒಗದು ನೋಡ್ರಿ, ತಿರುಗಿ ನಿಮ್ಮ ಕಡೀಗೇ ಬರ್ತದ. ರೇಡಾರ್ ಕಿರಣನೂ ಹಂಗ. ಮೂಲಿ ಸರಿ ಇದ್ರ ಈ ಸಣ್ಣ ಗುಡಾರ ಹಡಗಿನಷ್ಟು ದೊಡ್ಡದಾಗಿ ಕಾಣ್ತದ. ಮೂಲಿ ಸೊಟ್ಟ ಆತಂದ್ರ ಏನೂ ಇಲ್ಲ, ಬರೇ ಬಟ್ಟಿ."

ಆ ಮೂಲೆಯೇ ಮೂಕಮ್ಮನ ಕೆಲಸ. ಉದ್ದನೆಯ ಹೊಲಿಗೆಗಳನ್ನು ಯಂತ್ರ ಹಾಕುತ್ತದೆ. ಮೂರು ಮೈಗಳು ಕೂಡುವ ಕಡೆ ಮಾತ್ರ ಯಂತ್ರ ಬಟ್ಟೆಯನ್ನು ಸುಕ್ಕಾಗಿಸುತ್ತದೆ, ಅಲ್ಲಿ ಕೈಯೇ ಬೇಕು. ಒಂದು ಮೂಲೆಗೆ ಒಂದು ಇಡೀ ಬೆಳಗು.

ಈ ಕೈ ಪಳಗಿದ್ದು ದೇವದುರ್ಗದಲ್ಲಿ. ಮೂಕಮ್ಮನ ತಾಯಿ ಗೋಪಮ್ಮ ಮನೆ ಮನೆಗೆ ಹೋಗಿ ಹಳೆ ಸೀರೆಗಳ ಕೌದಿ ಹೊಲಿದುಕೊಡುತ್ತಿದ್ದವರು. ಮಗಳು ಏಳರ ವಯಸ್ಸಿಗೇ ಸೂಜಿ ಹಿಡಿದಳು. ಹೆಸರು ಮೂಕಮ್ಮನಾದರೂ ಮಾತಿಗೇನೂ ಬರವಿಲ್ಲ: "ಶಾಲಿಗೆ ಹೋಗು ಅಂದ್ರ ಅವ್ವನ ಹಿಂದ ಓಡಿ ಹೋಗ್ತಿದ್ದೆ. ಕೌದಿ ಹೊಲಿಯೋ ಮನ್ಯಾಗ ಎಲ್ಲಾರ ಮನಿ ಸುದ್ದಿ ಬರ್ತದ ನೋಡ್ರಿ, ಅದರ ರುಚಿ!" ಮುಂದೆ ಮಿಲ್ಲಿನ ಹೊದಿಕೆಗಳು ಸಂತೆಗೆ ಬಂದವು, ಕೌದಿ ಕೇಳುವವರು ಕಡಿಮೆಯಾದರು. ಮದುವೆಯಾಗಿ ರಾಯಚೂರಿಗೆ ಬಂದ ಮೂಕಮ್ಮ ಗಾದಿ ಹೊಲಿದರು, ಹತ್ತಿ ತುಂಬುವ ಅಂಡಿಗೆ ಚೀಲ ಹೊಲಿದರು. ಹತ್ತಿ ಲಾರಿಗಳ ತಾಡಪತ್ರಿ ಹೊಲಿಸುತ್ತಿದ್ದ ಪ್ರಭುರಾಜರ ಶೆಡ್ಡಿಗೆ ಸೇರಿದರು. ಅದೇ ಪ್ರಭುರಾಜರಿಗೆ ಈ ಬೆಳ್ಳಿ ಬಟ್ಟೆಯ ಕೆಲಸ ಸಿಕ್ಕಾಗ, "ಮೂಲಿ ಕೂಡಿಸಾಕ ಮೂಕಮ್ಮನ ಕೈನ ಬೇಕು" ಎಂದು ಕೂರಿಸಿದರು. ಅವರ ಬೆನ್ನಿಗೆ ಇನ್ನೂ ಏಳೆಂಟು ಹೆಂಗಸರು ಬಂದರು.

ಇನ್ನು ಶುರುವಿನಲ್ಲೇ ಆದ ಒಂದು ಎಡವಟ್ಟಿನ ವಿಚಾರ. ಮೂಕಮ್ಮ ಅದನ್ನು ಮುಚ್ಚಿಡುವುದಿಲ್ಲ, ನಗುತ್ತಲೇ ಹೇಳುತ್ತಾರೆ. ಕೇಳುವವರಿಗೆ ಮಾತ್ರ ನಗು ಅರ್ಧಕ್ಕೆ ನಿಲ್ಲುತ್ತದೆ.

ಮೊದಲ ಖೇಪಿನ ಕೌದಿಗಳನ್ನು ಸಮುದ್ರಕ್ಕೆ ಕಳಿಸುವ ಮೊದಲು ದೂರದ ಕೆರೆಯೊಂದರಲ್ಲಿ ತೇಲಿಸಿ ಪರೀಕ್ಷಿಸಿದರು. ಮೊದಲ ದಿನ ಎಲ್ಲ ಸರಿಯಿತ್ತು. ನೀರಿನಲ್ಲೇ ಬಿಟ್ಟು ಮರುದಿನ ನೋಡಿದರೆ ಪ್ರತಿಯೊಂದರಲ್ಲೂ ಒಂದು ಮೂಲೆ ಉಬ್ಬಿ ಸೊಟ್ಟಗಾಗಿತ್ತು. ರೇಡಾರಿನಲ್ಲಿ ಹಡಗು ಕಾಣಬೇಕಾದ ಕಡೆ ಮಂಕು ಚುಕ್ಕೆ. ಇಡೀ ಖೇಪು ಶೆಡ್ಡಿಗೆ ವಾಪಸ್ಸು ಬಂತು. ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆ ಊರಿನ ಪಾಲು ಎಂಬ ಮಾತೂ ಜೊತೆಗೇ ಬಂತು. ಪ್ರಭುರಾಜರು ಬಟ್ಟೆ ಕಳಿಸಿದವರನ್ನು ಬೈದರು, ದಾರ ಕೊಟ್ಟವರನ್ನು ಬೈದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಷರ್ರಫ್ ಯಾರನ್ನೂ ಬೈಯಲಿಲ್ಲ. ಬ್ಲೇಡು ತೆಗೆದುಕೊಂಡು ಉಬ್ಬಿದ ಮೂಲೆಯೊಂದನ್ನು ಬಿಚ್ಚಿದರು. ಒಳಗಿನಿಂದ ಅರಿಶಿನ ಹಚ್ಚಿದ ಸಣ್ಣ ಚಿಂದಿಯ ಗಂಟೊಂದು ಉದುರಿತು. ಗಂಟು ಬಿಚ್ಚಿದರೆ ಜೋಳ. ಕೆರೆಯ ನೀರು ಕುಡಿದು, ಉಬ್ಬಿ, ಬಿಳೀ ಮೊಳಕೆ ಒಡೆದ ಜೋಳ.

"ನಂದ್ರಿ ಅದು," ಎಂದು ಮೂಕಮ್ಮ ಎದ್ದು ನಿಂತರು.

ಗೋಪಮ್ಮನ ಮನೆಯಲ್ಲಿ ಒಂದು ರೂಢಿಯಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಅದರೊಳಗೆ ನಾಲ್ಕು ಕಾಳು ಜೋಳ ಇಡಬೇಕು. ಕೌದಿಗೆ ಉಣಿಸುವುದು ಎನ್ನುತ್ತಿದ್ದರು ಅದಕ್ಕೆ. ಉಂಡ ಕೌದಿ ಹೊದ್ದವರನ್ನು ಉಪವಾಸ ಕೆಡವುವುದಿಲ್ಲ ಎಂಬ ನಂಬಿಕೆ. "ಇದೂ ಕೌದಿನ ಅಲ್ಲೇನ್ರಿ? ಯಾರೋ ಹಡದ ಮಕ್ಕಳನ್ನ ಕಾಯಾಕ ಹೊಂಟದ. ಹಸಿದು ಹೆಂಗ ಕಳಸಲಿ ಅಂತ ಇಟ್ಟೆ," ಎನ್ನುವಾಗ ಅವರ ದನಿ ಇವತ್ತಿಗೂ ತಗ್ಗುತ್ತದೆ. "ನಾಲ್ಕು ಕಾಳು, ಏನಾದೀತು ಅನ್ಕಂಡೆ. ಎಲ್ಲಾರ ಅನ್ನದ ಮ್ಯಾಲ ಬರ್ತದ ಅಂತ ಗೊತ್ತಿರಲಿಲ್ಲ."

ಪ್ರಭುರಾಜರಿಗೆ ಸಿಟ್ಟು ನೆತ್ತಿಗೇರಿತ್ತು. ಮುಷರ್ರಫ್ ಮೊಳಕೆಯೊಡೆದ ಕಾಳುಗಳನ್ನು ಒಂದೊಂದಾಗಿ ಅದೇ ಚಿಂದಿಗೆ ಹಾಕಿ ಮತ್ತೆ ಗಂಟು ಕಟ್ಟಿದರಂತೆ. ಆಮೇಲೆ ಹೇಳಿದ್ದು ಇಷ್ಟೇ: "ಮೂಕಮ್ಮಕ್ಕ, ಹಡಗದಾಗ ಹುಡುಗರಿಗೆ ಹೊಟ್ಟಿ ತುಂಬ ಊಟ ಹಾಕ್ತಾರ. ನಾ ಉಂಡೀನಿ, ನನ್ನ ಮಾತು ನಂಬ್ರಿ. ಈ ಬೆಳ್ಳಿ ಕೌದಿ ಮಾತ್ರ ಉಪವಾಸ ಇರ್ಲಿ."

ಹಾಳಾದ ಮೂಲೆಗಳನ್ನೆಲ್ಲ ಮೂಕಮ್ಮನೇ ಬಿಚ್ಚಿ ಹೊಲಿದರು. ಬೇರೆ ಹೆಂಗಸರು ಕೈ ಹಚ್ಚಲು ಬಂದರೆ ಬಿಡಲಿಲ್ಲ. ಮೊದಲ ಕೌದಿಯ ಕೊನೆಯ ಮೂಲೆ ಮುಚ್ಚುವ ಹೊತ್ತಿಗೆ ಮಾತ್ರ ಕೈ ನಿಂತುಬಿಟ್ಟಿತು. ಅವ್ವನ ಕಾಲದಿಂದ ಉಣ್ಣದೆ ಹೋದ ಕೌದಿ ಒಂದೂ ಇರಲಿಲ್ಲ. ಬರಿಹೊಟ್ಟೆಯ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಅತ್ತರು, ಹನಿ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡು. ಆಮೇಲೆ ಎದ್ದು ಹೊರಗೆ ಹೋಗಿ, ಸೆರಗಿನಲ್ಲಿದ್ದ ಜೋಳವನ್ನು ಗೋಡೆಯ ಮೇಲೆ ಚೆಲ್ಲಿ ಬಂದು ಮೂಲೆ ಮುಚ್ಚಿದರು.

"ಉಣಸೋದು ಉಣಸಬೇಕಲ್ರಿ. ಅದರ ಪಾಲು ಗುಬ್ಬಿ ಉಂಡ್ರೇನಾತು?"

ಬೆಳಗಿನ ಜೋಳದ ಗುಟ್ಟು ಇಷ್ಟು. ಅಂದಿನಿಂದ ಒಂದು ದಿನವೂ ತಪ್ಪಿಲ್ಲ.

ಹೊಲಿದು ಸರಿಮಾಡಿದ ಖೇಪು ಈ ಸಲ ಕೆರೆಯಲ್ಲಿ ಪಾಸಾಯಿತು, ಸಮುದ್ರಕ್ಕೆ ಹೋಯಿತು. ಸುದ್ದಿ ಬರುವವರೆಗೆ ಶೆಡ್ಡಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಭ್ಯಾಸಕ್ಕೆಂದು ಹಾರಿಸಿದ ಸಿಡಿಮದ್ದಿಲ್ಲದ ಕ್ಷಿಪಣಿ ನೀರು ಸವರಿಕೊಂಡು, ಹೊರಳಾಡಿಕೊಂಡು, ಎಲ್ಲ ಆಟವನ್ನೂ ಆಡಿಕೊಂಡು ಬಂದು, ಕೊನೆಗೆ ಹಡಗನ್ನು ಬಿಟ್ಟು ಮೂಕಮ್ಮನ ಕೌದಿಯ ಕಡೆ ತಿರುಗಿ ಅದನ್ನು ಸೀಳಿಕೊಂಡು ಹೋಯಿತಂತೆ. ಫೋನಿನಲ್ಲಿ ಈ ಸುದ್ದಿ ಹೇಳಿದವರು ಮುಷರ್ರಫ್. ಕೆಲಸ ಉಳಿಯಿತು.

ಕೆಲವು ವಾರಗಳ ನಂತರ ಮುಷರ್ರಫ್ ಹರಿದ ಕೌದಿಯ ತುಂಡೊಂದನ್ನು ಕೇಳಿ ಪಡೆದು ಶೆಡ್ಡಿಗೆ ತಂದರು. ಅದನ್ನೀಗ ಮೂಕಮ್ಮ ಕೂರುವ ಜಾಗದ ಮೇಲೆ ಮೊಳೆಗೆ ತೂಗುಹಾಕಿದ್ದಾರೆ. ಬಟ್ಟೆ ಚಿಂದಿ ಚಿಂದಿಯಾಗಿದೆ. ಉಪ್ಪುನೀರಿನ ಕಲೆ ಹಾಗೇ ಇದೆ. ಮೂಕಮ್ಮ ಅದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಾರೆ. "ನೋಡ್ರಿ, ಬಟ್ಟಿ ಹರದದ. ಮೂಲಿ ಬಿಟ್ಟಿಲ್ಲ."

ಕೌದಿ ಹೊಲಿಯುವವರಿಗೆ ತಾವು ಹೊಲಿದದ್ದು ಮೂರು ತಲೆಮಾರು ಬಾಳಲಿ ಎಂಬ ಆಸೆ ಇರುತ್ತದೆ. ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಹೊಲಿದದ್ದು ಒಂದೇ ಏಟಿಗೆ ಹೀಗೆ ಚಿಂದಿಯಾದರೆ ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳಿದೆ. ಹೊರಗೆ ಬಿಸಿಲು ಗೋಡೆ ಏರಿತ್ತು, ಗುಬ್ಬಿಗಳು ಕೊನೆಯ ಕಾಳುಗಳಿಗೆ ಜಗಳಾಡುತ್ತಿದ್ದವು. ಹಣೆಯ ಬೆವರು ಬಟ್ಟೆಗೆ ಬೀಳುವ ಮೊದಲೇ ಮೂಕಮ್ಮ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು, ಬೆಳ್ಳಿ ಕೌದಿಯನ್ನು ಮಡಿಚಿಟ್ಟರು.

"ಹಡಗದಾಗಿನ ಪೆಟ್ಟಿಗ್ಯಾಗ ಇದ್ದಲ್ಲೇ ಇದ್ದು ಹಳೇದಾಗಿ ಹೋಗ್ಲಿ ಅಂತನ ಬೇಡ್ಕಂತೀನ್ರಿ. ಹೊರಗ ತಗೀಯೋ ಹೊತ್ತು ಬಂದ್ರ ಮಾತ್ರ, ಹರದು ಹೋಗ್ಲಿ. ಇದು ಹರದ್ರ ನಾ ಇನ್ನೊಂದು ಹೊಲಿತೀನಿ. ಆ ಹುಡುಗರನ್ನ ಹೊಲಿಯಾಕ ನನಗ ಬರಂಗಿಲ್ಲ."