ಬೇರಿಂಗ್ ಕುಂತ ದಿನ

ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರಾದ ನಾನು ಹಳೆಯದೊಂದು ಸ್ಪೋರ್ಟ್ಸ್ ಕಾರು ಕೊಂಡಾಗ ಓಣಿಯವರು ಮರೆಯಲ್ಲಿ ನಕ್ಕರು. ಅತ್ತೆ ಎದುರಿಗೇ ನಕ್ಕರು. "ಎರಡ ಸೀಟಿನ ಕಾರ ಎದಕ ಬೇಕವಾ ನಿನಗ? ಇದರಾಗ ಕುಂತ್ರ ನೆಲದ ಮ್ಯಾಲ ಕುಂತಂಗ ಆಗತೈತಿ."

ಒಂದು ಭಾನುವಾರ ಹಟಕ್ಕೆ ಬಿದ್ದು ಅವರನ್ನು ಹಿಪ್ಪರಗಿ ಬ್ಯಾರೇಜಿನವರೆಗೆ ಕರೆದೊಯ್ದೆ. ಮುಂದಿನ ಭಾನುವಾರ ನಾನು ಏಳುವ ಮೊದಲೇ ಅವರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು! ನಮ್ಮದು ಸದಾ ಮಂದಿ ತುಂಬಿದ ಮನೆ. ನಾವಿಬ್ಬರೇ ಇರುತ್ತಿದ್ದದ್ದು ಆ ಕಾರಿನಲ್ಲಿ ಮಾತ್ರ. ಗಂಡನ ಮೇಲಿನ ದೂರನ್ನು ಅವನ ತಾಯಿಗೇ ಹೇಳಿ ನಗಿಸುವ ಸುಖ ಬೇರೆಲ್ಲಿ ಸಿಗಬೇಕು? ಅವರೂ ಮಾವನವರ ಮೇಲಿನ ಹಳೆಯ ಸಿಟ್ಟನ್ನೆಲ್ಲ ಅಲ್ಲೇ ಬಿಚ್ಚುತ್ತಿದ್ದರು.

ಆ ಕಾರಿಗೊಂದು ಹುಟ್ಟುದೋಷವಿತ್ತು. ಎಂಜಿನ್ನಿನ ಒಳಗಿನ ಶಾಫ್ಟಿನ ತುದಿಯಲ್ಲಿರುವ ಪುಟ್ಟ ಬೇರಿಂಗು ಸುಳಿವೇ ಕೊಡದೆ ಒಂದು ದಿನ ಪುಡಿಯಾಗಬಹುದು. ಚೂರುಗಳು ಎಣ್ಣೆಯ ಜೊತೆ ಹರಿದರೆ ಎಂಜಿನ್ನೇ ಗುಜರಿಗೆ. ಇನ್ನೊಂದು ಎಂಜಿನ್ ತರಿಸುವ ತಾಕತ್ತು ನಮಗಿರಲಿಲ್ಲ. ಎಂಜಿನ್ ಹೋದರೆ ನಮ್ಮ ಭಾನುವಾರವೂ ಹೋದಂತೆ. ನೋವು ಬರುವ ಮೊದಲೇ ಕೀಳಬೇಕಾದ ಹಲ್ಲು ಇದು ಎಂದುಕೊಂಡೆ.

ಮುಧೋಳದಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿಟ್ಟಿದ್ದವನೊಬ್ಬ ಹಿಂದೆ ಪುಣೆಯಲ್ಲಿ ಇಂಥ ಕಾರುಗಳ ಕೆಲಸ ಮಾಡಿದ್ದ. ಅವನು ಗೇರ್‌ಬಾಕ್ಸು, ಕ್ಲಚ್ಚು ಇಳಿಸಿ, ಒಳಗಿನ ಚೈನು ಜಾರದಂತೆ ಭದ್ರ ಮಾಡಿ, ಹಳೆಯ ಬೇರಿಂಗಿಗೆ ಪುಲ್ಲರ್ ಹಾಕಿ ಎಳೆದ. ಇಡಿಯಾಗಿ ಬಂತು. ಬೇರು ಮುರಿಯದೆ ಬಂದ ಹಲ್ಲು ಕಂಡಷ್ಟು ಖುಷಿ ನನಗೆ. ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು.

ತಣ್ಣಗಾದರೆ ತುಸು ಕುಗ್ಗಿ ಸಲೀಸಾಗಿ ಕೂರುತ್ತದೆಂದು ಹೊಸ ಬೇರಿಂಗನ್ನು ಐಸಿನ ಡಬ್ಬಿಯಲ್ಲಿ ತಂದಿದ್ದೆವು. ಕಾರನ್ನು ಮೊದಲೇ ಗ್ಯಾರೇಜಿಗೆ ಬಿಟ್ಟಿದ್ದರಿಂದ ಬಸ್ಸಿನಲ್ಲಿ ಬಂದಿದ್ದೆವು; ದಾರಿಯುದ್ದಕ್ಕೂ ಆ ಡಬ್ಬಿ ಅತ್ತೆಯ ತೊಡೆಯ ಮೇಲೆಯೇ ಇತ್ತು. ಗ್ಯಾರೇಜಿಗೆ ಬಂದ ಮೇಲೆ ಮಾತ್ರ, "ನನಗ ನೋಡಾಕ ಆಗೂದಿಲ್ಲ" ಎಂದು ಚಹಾ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಕಾರಿನ ಕೆಳಗೆ ಬಗ್ಗಿ ಟಾರ್ಚ್ ಹಿಡಿದೆ. ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಹೊಸದನ್ನು ಒತ್ತುತ್ತಾ ಹೋದ.

"ಹೋತು! ಹೋತ್ರೀ ಮೇಡಂ!"

"ಹೋತಾ? ಪೂರಾ ಹೋತಾ?" ನಾನೂ ಕಿರುಚಿದೆ.

ಹೊರಗೆ ಚಹಾದ ಗ್ಲಾಸು ಬಿದ್ದು ಒಡೆದ ಸದ್ದು. ಓಡಿ ಬಂದು ನೋಡಿದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡವಾ, ಅಳಬ್ಯಾಡ. ಬಸ್ಸಿನ್ಯಾಗ ಹೋಗೂಣಂತ. ಆದ್ರ ನಾವಿಬ್ಬರ ಹೋಗೂಣು" ಎಂದರು.

ಅಳುತ್ತಿದ್ದವರು ಅವರು, ಸಮಾಧಾನ ನನಗೆ! ಅಷ್ಟರಲ್ಲಿ ಅವನು ಎಣ್ಣೆಗೈಯಲ್ಲೇ ಹೊರಗೆ ಬಂದ. "ಕೆಟ್ಟ ಹೋಗಿಲ್ರೀ ಅವ್ವಾರ, ಬೇರಿಂಗ ಒಳಗ ಹೋತು ಅಂದ್ನಿ."

ಅತ್ತೆಯ ಅಳು ನಿಂತು ಸಿಟ್ಟು ಏರಿತು. "ಮನಿ ಬಿಟ್ಟು ಹೊಂಡೂವಾಗ ಸೈತ ಹೋಗತೇನಿ ಅನಬಾರ್ದು, ಬರತೇನಿ ಅಂತಾರ. ನೀ ಎಂಜಿನ್ ಬಿಚ್ಚಿ ಇಟಗೊಂಡು ಹೋತು ಅಂತೀಯೇನಲೇ? ಕುಂತೈತಿ ಅನ್ನು!"

"ಕುಂತೈತ್ರೀ ಅವ್ವಾರ. ಘಟ್ಟಿ ಕುಂತೈತಿ."

ಕಾರು ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಗರಗರ ಇಲ್ಲ, ಕಟಕಟ ಇಲ್ಲ. ಅತ್ತೆ ಬಾಗಿಲು ಹಿಡಿದು, ಮೊಣಕಾಲಿಗೆ ಬೈಯುತ್ತಾ, ನಿಧಾನವಾಗಿ ಆ ತಗ್ಗಿನ ಸೀಟಿಗೆ ಇಳಿದರು. ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು.

"ಕುಂತೇನಿ," ಎಂದರು. "ಘಟ್ಟಿ ಕುಂತೇನಿ. ನಡಿ ಇನ್ನ."